ಕಲ್ಲಿನ ಅಜ್ಜಿಯ ಪಾದ

"ಇವಳ ಕಾಲಿಗೆ ಬೂಟ್ಸ್ ಯಾಕೋ ಹಾಕ್ದೆ, ಖುಲೆಕಾನಿ?" ಶಿಲ್ಪದ ಸುತ್ತ ಎರಡನೇ ಸುತ್ತು ಬಂದು ನಿಂತ ಮಾಬಿಯೇಲಾ ಕೇಳಿದಳು.

ಖುಲೆಕಾನಿ ಉಳಿಯನ್ನು ನೆಲಕ್ಕೆ ಎಸೆದ. ಇದು ನಾಲ್ಕನೇ ತಕರಾರು. ಹ್ಲಾಬಿಸಾ ಊರಿನ ಸಂಗೋಮರು, ಸತ್ತ ಹಿರೀಕರು ಮೈಮೇಲೆ ಬಂದು ರೋಗ ಹೇಳುವ ಮಾಬಿಯೇಲಾಳಂಥವರು, ತಮ್ಮ ಕುಲದ ಗೌರವಕ್ಕೊಂದು ಕಲ್ಲು ಕೆತ್ತಿಕೊಡು ಎಂದಾಗ ಹೂಂ ಎಂದದ್ದೇ ತಪ್ಪಾಗಿತ್ತು. ಮೊದಲು ಚಾಮರ ದಪ್ಪವಾಯಿತು ಎಂದರು, ತೆಳ್ಳಗೆ ಮಾಡಿದ. ಮಣಿಸರ ಉಬ್ಬಿದೆ ಎಂದರು, ತಗ್ಗಿಸಿದ. ದೀಕ್ಷೆಯ ಗುರುತಾಗಿ ಮುಡಿಯಲ್ಲಿ ಕಟ್ಟಿದ ಮೇಕೆಯ ಪಿತ್ತಕೋಶ ಕುಂಬಳಕಾಯಿಯ ಹಾಗಿದೆ ಎಂದರು, ಅದನ್ನೂ ಉಜ್ಜಿದ. ಮೊಸರಲ್ಲಿ ಕಲ್ಲು ಹುಡುಕುವವರನ್ನು ಕಂಡಿದ್ದ, ಕಲ್ಲಿನಲ್ಲೇ ಕಲ್ಲು ಹುಡುಕುವವರನ್ನು ಈಗ ಕಂಡ. ಶನಿವಾರ ಅನಾವರಣ. ಬಲಿಯ ಮೇಕೆ ಆಗಲೇ ಬಂದು ಅವನ ಬೇಲಿ ಮೇಯುತ್ತಿತ್ತು.

"ನಮ್ಮವ್ವನ ಫೋಟೋ ನೋಡೇ ಕೆತ್ತಿದ್ದು, ಅಜ್ಜಿ. ಫೋಟೋದಲ್ಲಿ ಬೂಟ್ಸ್ ಇದೆ!"

"ಅದು ಪಿಂಚಣಿ ಸಾಲಲ್ಲಿ ನಿಂತಾಗ ತೆಗ್ಸಿದ್ದಲ್ವೇನೋ! ಗುಡಿಸಲೊಳಗೆ, ಹಿರೀಕರ ಮುಂದೆ, ಅವಳು ಯಾವತ್ತಾದ್ರೂ ಬೂಟ್ಸ್ ಹಾಕಿದ್ಲಾ?"

ಅವನಿಗೆ ಗೊತ್ತಿರಲಿಲ್ಲ. ಸಂಗೋಮಳಾಗಿದ್ದ ಅವ್ವ ಬದುಕಿದ್ದಾಗ ರೋಗಿಗಳನ್ನು ನೋಡುತ್ತಿದ್ದ ಗುಡಿಸಲು ಅಡುಗೆಮನೆಯಿಂದ ಹತ್ತೇ ಹೆಜ್ಜೆ, ಆದರೂ ಅವನು ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. ಮೊದಲು ಶಾಲೆಯ ಗೆಳೆಯರೆದುರು ನಾಚಿಕೆ, ಆಮೇಲೆ ಪಾದ್ರಿಯ ಹೆದರಿಕೆ, ಕೊನೆಗೆ ಬರೀ ರೂಢಿ.

"ಬೂಟ್ಸ್ ಹಾಕಿದ ಕಲ್ಲು ನಮಗೆ ಬೇಡ. ನೀನೇ ಇಟ್ಕೊ," ಎಂದಳು ಮಾಬಿಯೇಲಾ. "ನಾಳೆ ನೊಮಾಗುಗು ಅಜ್ಜಿ ಬರ್ತಾರೆ. ನಿಮ್ಮವ್ವ ಬಂದಿರೋದು ಅವರ ಮೈಮೇಲೆ ತಾನೆ? ಅವಳ ಕಲ್ಲು ಅವಳೇ ನೋಡ್ಲಿ."

ಖುಲೆಕಾನಿಗೆ ಮೈಯೆಲ್ಲ ಉರಿದುಹೋಯಿತು. ನೊಮಾಗುಗು ಅವನ ಮಗಳು. ಇಪ್ಪತ್ಮೂರು ವರ್ಷ. ನರ್ಸಿಂಗ್ ಓದು ಅರ್ಧಕ್ಕೆ ಬಿಟ್ಟು ಸಂಗೋಮ ದೀಕ್ಷೆ ಪಡೆದು ವರ್ಷವಾಗಿತ್ತು. ದೀಕ್ಷೆಯಾದವರಿಗೆ ಇಪ್ಪತ್ತಾಗಲಿ ಎಂಬತ್ತಾಗಲಿ, ಮೈಮೇಲಿನ ಹಿರೀಕರ ಗೌರವಕ್ಕೆ ಊರೆಲ್ಲ ಅವರನ್ನು ಅಜ್ಜಿ ಎಂದೇ ಕರೆಯಬೇಕು. ಹೆತ್ತ ತಾಯಿಯೂ ಕರೆಯುತ್ತಿದ್ದಳು, ಟ್ಯಾಕ್ಸಿ ಡ್ರೈವರನೂ ಕರೆಯುತ್ತಿದ್ದ. ಎಪ್ಪತ್ತರ ಮಾಬಿಯೇಲಾಳನ್ನು ಹಾಗೆನ್ನಲು ಅವನಿಗೇನೂ ಕಷ್ಟವಿರಲಿಲ್ಲ. ತಾನು ಮೂಗು ಒರೆಸಿ ಬೆಳೆಸಿದವಳನ್ನು ಅಜ್ಜಿ ಎನ್ನುವುದೇ? ಅದಕ್ಕಿಂತ ಮಾತೇ ಬೇಡವೆಂದು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಮರುದಿನ ಬೆಳಿಗ್ಗೆ ಅವಳು ಬಂದಳು. ಕೆಂಪು ವಸ್ತ್ರ, ಮಣಿಕಟ್ಟಿನಲ್ಲಿ ಬಿಳಿ ಮಣಿ, ಬರಿಗಾಲು. ಮೊದಲು ನಮಸ್ಕಾರ ಹೇಳಬೇಕಾದವನು ಅವನು. ಹೇಳಲಿಲ್ಲ, ಉಳಿ ಮಸೆಯುತ್ತಲೇ ಕೂತ. ಅವಳು ಕಾದು ಕಾದು ತಾನೇ ಬಾಯಿಬಿಟ್ಟಳು.

"ಬೂಟ್ಸ್ ದೊಡ್ಡದು, ಪಾದ ಚಿಕ್ಕದು ಅಲ್ವಾ ಅಪ್ಪ? ಒಳಗೇ ಇದೆ. ತೆಗೆದ್ರಾಯ್ತು."

ಮೂವತ್ತು ವರ್ಷ ಕಲ್ಲು ಒಡೆದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ತೆಗೀಬಹುದು. ಯಾರ ಪಾದ ನೋಡ್ಕೊಂಡು ತೆಗೀಲಿ?" ಎಂದು ರೇಗಿದ. ಮರುಕ್ಷಣ ದನಿ ಕುಸಿಯಿತು. "ಅವ್ವನ ಕಾಲು ನಾನು ಸರಿಯಾಗಿ ನೋಡೇ ಇಲ್ಲ ಕಣೇ."

"ನಂದು ಹಂಗೇ ಇದೆಯಂತೆ. ಅಮ್ಮ ಹೇಳ್ತಾಳೆ."

ಅವಳು ಸ್ಟೂಲಿನ ಮೇಲೆ ಕೂತು ಬಲಗಾಲನ್ನು ಕಲ್ಲಿನ ಪಕ್ಕಕ್ಕೇ ಇಟ್ಟಳು. ಹೆಬ್ಬೆರಳಿಗಿಂತ ಉದ್ದದ ಎರಡನೇ ಬೆರಳು. ಅದರ ಮೇಲೊಂದು ಬಿಳಿ ಗಾಯದ ಗುರುತು. ನಾಲ್ಕು ವರ್ಷದವಳಿದ್ದಾಗ ಅವನದೇ ಸುತ್ತಿಗೆ ಬಿದ್ದದ್ದು. ಅವತ್ತು ಅವಳನ್ನೆತ್ತಿಕೊಂಡು ಅವ್ವನ ಗುಡಿಸಲಿಗೆ ಓಡಿದ್ದ. ಹೊಸ್ತಿಲಲ್ಲೇ ನಿಂತು ಮಗುವನ್ನು ಒಳಗೆ ಕೊಟ್ಟಿದ್ದ, ಅದು ಅಳು ನಿಲ್ಲಿಸುವವರೆಗೂ ಹೊರಗೇ ನಿಂತಿದ್ದ.

ಉಳಿ ಹಿಡಿದು ಬೂಟಿನ ಮೂತಿಗೆ ಹೊಡೆದ. ಚೂರೊಂದು ಸಿಡಿಯಿತು. ಅವಳು ಕಾಲು ಎಳೆದುಕೊಂಡಳು.

"ಥೂ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿ ಮುಖದ ಧೂಳು ಒರೆಸಿಕೊಂಡ. ಆಮೇಲೆ ಕಲ್ಲಿನ ಕಡೆಗೇ ನೋಡುತ್ತ, ಅದರ ಮೇಲೇ ಸಿಟ್ಟಾದವನಂತೆ ಗೊಣಗಿದ.

"ಕಾಲು ಅಲ್ಲಾಡಿಸ್ಬೇಡಿ, ಅಜ್ಜಿ."

ಕಾಲು ಮತ್ತೆ ಕಲ್ಲಿನ ಪಕ್ಕಕ್ಕೆ ಬಂತು. ಗಾಯದ ಗುರುತಿನ ಮೇಲೆ ಕಲ್ಲಿನ ಪುಡಿ ಕೂತಿತ್ತು. ಖುಲೆಕಾನಿ ಬಗ್ಗಿ ಅದನ್ನು ಊದಿದ.