ಸೇತುವೆಗೆ ಮುಂಚಿನ ಹಗ್ಗ

ನನ್ನ ತಂಗಿಯ ಮಗಳು ಬುರುಲ್ಚಾ ಪೊಲೀಸ್ ಅಧಿಕಾರಿ. ಅವತ್ತು ಏದುಸಿರು ಬಿಡುತ್ತಾ ನನ್ನ ಅಡುಗೆಮನೆಗೆ ನುಗ್ಗಿದಳು.

"ದೊಡ್ಡಮ್ಮ, ಹಗ್ಗ ಇದೆಯಾ?"

"ಯಾರನ್ನ ಕಟ್ಟಾಕಬೇಕೇ?"

"ಮದುವೆ ಕಾರು ಬರ್ತಿದೆ. ಮದುಮಗ ಹುಡುಗೀರನ್ನ ಮಾರೋನು. ಸೇತುವೆ ದಾಟಿಸಿಬಿಟ್ರೆ ಆ ಹುಡುಗಿ ಮತ್ತೆ ಸಿಗಲ್ಲ."

ಸೇತುವೆಯೇ ನಮ್ಮ ದೇಶದ ಗಡಿ, ಆಚೆ ಕಜಕಸ್ತಾನ. ಅಲ್ಲಿನ ಪೊಲೀಸ್ ಅಧಿಕಾರಿ ದೌರೆನ್ ಈ ಮದುಮಗನ ಗುರುತು ಹಿಡಿದು ಫೋನ್ ಮಾಡಿದ್ದನಂತೆ. ಆದರೆ ಫೋನ್ ನಂಬಿ ಹಿಡಿಯುವಂತಿಲ್ಲ, ಕಾಗದ ಬೇಕು. ಅದು ಅವರ ರಾಜಧಾನಿಯಿಂದ ನಮ್ಮ ರಾಜಧಾನಿಗೆ ಬಂದು, ಮೊಹರು ಬಿದ್ದು, ಇಲ್ಲಿಗೆ ಇಳಿಯಬೇಕು. ಹುಡುಗಿಯೇ ಬಾಯಿಬಿಟ್ಟು ದೂರಿದರೆ ಮಾತ್ರ ಕಾಗದ ಬೇಡ. ನನ್ನ ಕತ್ತೆಯ ಕೈಗೆ ಅಧಿಕಾರ ಕೊಟ್ಟಿದ್ದರೂ ಕೆಲಸ ಇದಕ್ಕಿಂತ ಬೇಗ ಆಗುತ್ತಿತ್ತು.

ಮದುವೆ ಕಾರಿಗೆ ಹಗ್ಗ ಅಡ್ಡ ಹಿಡಿಯಲು ನಮಗೆ ಯಾರ ಮೊಹರೂ ಬೇಡ. ಮದುಮಗ ಕೇಳಿದ್ದು ಕೊಟ್ಟ ಮೇಲೇ ಹಗ್ಗ ಇಳಿಸುವುದು ನಮ್ಮ ಪದ್ಧತಿ, ನಮ್ಮ ಅಜ್ಜಿಯರೂ ಹಿಡಿದವರೇ. ಕುರಿಯ ಹಗ್ಗ ಬಿಚ್ಚಿದೆ. ಬೀದಿಯ ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಓಡಿಬಂದರು.

ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಮುಸುಕು ಹಾಕಿದ ಮದುಮಗಳು, ಅವಳ ಎರಡೂ ಪಕ್ಕ ಗಂಡಸರು. ಮದುಮಗ ಕಿಟಕಿ ಇಳಿಸಿ ನೋಟಿನ ಕಂತೆಯನ್ನೇ ಚಾಚಿದ. ಚೌಕಾಸಿ ಮಾಡದ ಮದುಮಗನನ್ನು ನಾನು ಅವತ್ತೇ ಕಂಡದ್ದು.

"ದುಡ್ಡು ಯಾರಿಗೆ ಬೇಕು ಅಳಿಯಂದ್ರೇ, ಒಂದು ಹಾಡು ಹೇಳಿ," ಎಂದೆ.

ಹಾಡಿದ. ನನ್ನ ನಾಯಿ ಎದ್ದು ಹೋಯಿತು.

"ಆಯ್ತಲ್ಲ, ದಾರಿ ಬಿಡಿ."

"ಅವಸರ ಏನು? ಆ ದಡದಲ್ಲೂ ಹಗ್ಗ ಹಿಡಿದು ಕಾಯ್ತಿದ್ದಾರೆ." ಸುಳ್ಳಲ್ಲ, ದೌರೆನ್ ತನ್ನ ಸೋದರತ್ತೆಯರನ್ನು ನಿಲ್ಲಿಸಿದ್ದ. "ಹೆಂಡ್ತಿ ಹೆಸರು ಹೇಳ್ಬಿಡಿ, ಸಾಕು."

ಅವನ ಮುಖ ಅರಳಿತು. "ಗುಲ್ಜಾದಾ."

ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಕಿಟಕಿಯೊಳಗೆ ತಲೆ ತೂರಿಸಿದೆ.

"ಹೌದೇನಮ್ಮ ಗುಲ್ಜಾದಾ?"

ಅವಳು ಮುಸುಕಿನ ಅಂಚು ಎತ್ತಿ ನನ್ನನ್ನೇ ನೋಡಿದಳು. ಹೂಂ ಅಂದಿದ್ದರೆ ಹಗ್ಗ ಇಳಿಸಲೇಬೇಕಿತ್ತು.

"ಅದು ಇವರು ಕೊಟ್ಟ ಪಾಸ್‌ಪೋರ್ಟಲ್ಲಿರೋ ಹೆಸರು," ಎಂದಳು ಕೊನೆಗೆ. "ನಾನು ಜಿಬೆಕ್. ನಾನು ಮನೆಗೆ ಹೋಗ್ಬೇಕು."

ಹೆಂಗಸರ ಗುಂಪಿನ ಹಿಂದೆ ಅಡಗಿದ್ದ ಬುರುಲ್ಚಾ ಮತ್ತವಳ ಪೇದೆಗಳು ಮುಂದೆ ಬಂದರು. ಬೇಡಿ ಬೀಳುವಾಗ ಮದುಮಗ ಕಾಗದ ಎಲ್ಲಿ ಎಂದು ಜಬರದಸ್ತಿನಿಂದ ಕೇಳಿದ.

"ಬರ್ತಿದೆ," ಎಂದೆ. "ನಡ್ಕೊಂಡು ಬರ್ತಿದೆ, ಪಾಪ."

ಅದು ಮುಂದಿನ ತಿಂಗಳು ಬಂತು.

ಅವತ್ತು ಜಿಬೆಕ್ ನನ್ನ ಅಡುಗೆಮನೆಯಲ್ಲಿ ಚಹಾ ಮುಟ್ಟದೆ, ಹಗ್ಗದ ತುದಿಯನ್ನು ಅಂಗೈಗೆ ಸುತ್ತಿಕೊಂಡು ಕೂತಿದ್ದಳು. ಸಂಜೆಗೆ ಅವಳ ತಾಯಿ ಬಂದು ತಬ್ಬಿಕೊಂಡರೂ ಹಗ್ಗ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಮನೆಗೆ ಹೋದಳು. ನಾನೂ ವಾಪಸ್ ಕೇಳಲಿಲ್ಲ. ಕುರಿಗೆ ಬೇರೆ ಹಗ್ಗ ತಂದೆ.