ಹಗುರ ಗಾಲಿಗಳು

ಉದಗೀರದ ಕಾಳಿನ ಪೇಟೆಯಲ್ಲಿ ರವಿಕಾಂತನದು ಅಜ್ಜನ ಕಾಲದಿಂದ ನಡೆದುಬಂದ, ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ಅದರಲ್ಲಿ ಇನ್ನೂ ಎಷ್ಟು ಹಸಿ ಉಳಿದಿದೆ ಎಂದು ಹೇಳಬಲ್ಲ ಮನುಷ್ಯ. ಆದರೂ ಕೈಯನ್ನು ನಂಬುತ್ತಿರಲಿಲ್ಲ, ತೂಕದ ಕಾಟಾದ ಮೇಲೆ ಇಟ್ಟೇ ನೋಡಬೇಕು. ಕಾಟಾ ಹೇಳಿದ ಮೇಲೆ ಅವನು ಎರಡನೇ ಮಾತು ಕೇಳಿದವನಲ್ಲ.

ಮಗಳು ಪ್ರಣಿತಾ ಹತ್ತೊಂಬತ್ತರವಳು, ಬಿ.ಎಸ್ಸಿ. ಎರಡನೇ ವರ್ಷ. ಹಿಂದಿನ ವರ್ಷ ಗೆಳತಿಯೊಬ್ಬಳ ಸೈಕಲ್ ಇಸಕೊಂಡು ಕಾಲೇಜುಗಳ ನಡುವಿನ ಪಂದ್ಯಕ್ಕೆ ಹೋದವಳು ಮೊದಲನೆಯವಳಾಗಿ ಬಂದಿದ್ದಳು. ಆ ದಿನದಿಂದ ರವಿಕಾಂತನ ತಲೆಯಲ್ಲಿ ಬೇರೆ ವಿಷಯವೇ ಇರಲಿಲ್ಲ. ಅವನು ಸೈಕಲ್ ತುಳಿದದ್ದು ಶಾಲೆಗೆ ಹೋಗುವಾಗ, ಅಷ್ಟೇ. ಆದರೆ ಮಧ್ಯಾಹ್ನ ಪೇಟೆ ತಣ್ಣಗಾದ ಮೇಲೆ ಗಾದಿಯ ಮೇಲೆ ಒರಗಿ ಮೊಬೈಲಿನಲ್ಲಿ ರೇಸಿನ ವಿಡಿಯೊ ನೋಡುತ್ತ ನೋಡುತ್ತ ಗೇರು, ಹ್ಯಾಂಡಲ್ಲು, ಟಯರು ಎಲ್ಲ ಕಲಿತುಬಿಟ್ಟ. ಕಲಿತದ್ದರಲ್ಲಿ ಅವನ ಮನಸ್ಸಿಗೆ ನಾಟಿದ್ದು ಒಂದೇ ಸಂಗತಿ: ಸೈಕಲ್ಲಿನಲ್ಲಿ ಎಲ್ಲಿಯಾದರೂ ತೂಕ ಇಳಿಸುವುದಾದರೆ ಮೊದಲು ಗಾಲಿಯಲ್ಲಿ ಇಳಿಸಬೇಕು.

ಮಗಳಿಗೆ ಕೊಡಿಸಿದ ರೇಸ್ ಸೈಕಲ್ಲಿನ ಎರಡೂ ಗಾಲಿಗಳನ್ನು ಬಿಚ್ಚಿ ತಂದು ಒಂದು ದಿನ ಅಂಗಡಿಯ ಸಣ್ಣ ಕಾಟಾದ ಮೇಲೆ ಇಟ್ಟ. ಎರಡು ಸಾವಿರದ ಅರವತ್ತು ಗ್ರಾಂ ತೋರಿಸಿತು.

"ಇಷ್ಟು ಭಾರ ತಗೊಂಡು ಏರು ಹತ್ತಲಾಕತ್ತಿದಿ ನೀ," ಎಂದ ಮಗಳಿಗೆ, ತಪ್ಪು ತನ್ನದೇ ಎಂಬಂತೆ.

ದೀಪಾವಳಿ ಮುಗಿದ ವಾರವೇ ತಂದೆ ಮಗಳು ನಿಲಂಗಾಕ್ಕೆ ಹೋದರು. ಅಲ್ಲಿ ದಿಗಂಬರ ಎಂಬವನ ಸೈಕಲ್ ಅಂಗಡಿ. ಹದಿನೈದು ವರ್ಷ ಸೈನ್ಯದಲ್ಲಿದ್ದು, ಅಲ್ಲಿಯ ಸೈಕಲ್ ತಂಡದಲ್ಲಿ ತುಳಿದು ಬಂದವನು. ಸುತ್ತಿನ ನಾಲ್ಕೈದು ತಾಲೂಕಿನಲ್ಲಿ ಗಾಲಿ ನೇರ ಮಾಡುವುದಕ್ಕೆ ಅವನಂಥ ಕೈ ಮತ್ತೊಂದಿಲ್ಲ ಎಂಬ ಮಾತಿತ್ತು. ಅವನು ಎರಡು ಜೋಡಿ ಅಲ್ಯುಮಿನಿಯಂ ಗಾಲಿಗಳನ್ನು ತಂದು ಕಟ್ಟೆಯ ಮೇಲೆ ಇಟ್ಟ.

"ನೋಡ್ರಿ ಸಾವ್ಕಾರ್ರೇ, ಇವು ಎರಡೂ ಕೂಡಿ ಸಾವಿರದ ಎಂಟುನೂರು ಗ್ರಾಂ. ಹಿಂದಿನದಕ್ಕ ಇಪ್ಪತ್ತೆಂಟು ಸ್ಪೋಕ್ ಅವ. ನಮ್ಮ ರಸ್ತಾದ ತೆಗ್ಗಿಗಿ ಇವೇ ಬರೋಬರ್."

"ಮತ್ತ ಅವು?"

"ಅವು ಸಾವಿರದ ಐನೂರು. ಸ್ಪೋಕ್ ಕಮ್ಮಿ, ರಿಮ್ಮಿನ ಪತ್ರಾ ತೆಳ್ಳಗ. ಚಲೋ ಮಾಲೇ ಅದ, ಸುಳ್ಳು ಹೇಳಂಗಿಲ್ಲ. ಖರೆ ನಾ ಆದ್ರ ಮೊದಲಿನವೇ ತಗೋತಿದ್ದೆ."

ಪ್ರಣಿತಾ ಹಗುರ ಗಾಲಿಯೊಂದನ್ನು ಎತ್ತಿ, ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ಸಣ್ಣಗೆ ಟಿರ್ರೆಂದು ಸದ್ದು ಮಾಡುತ್ತ ಅದು ಎಷ್ಟೋ ಹೊತ್ತು ತಿರುಗಿತು. ಅವಳ ಮುಖ ಅರಳಿದ್ದನ್ನು ರವಿಕಾಂತ ನೋಡಿದ.

"ಇವೇ ಇರಲಿ," ಎಂದ.

ದಿಗಂಬರ ತಡೆಯಲಿಲ್ಲ. ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಆಕಿ ಮೊದಲೇ ಕಡ್ಡಿ ಹಾಂಗ ಇದ್ದಾಳ. ಮುನ್ನೂರು ಗ್ರಾಮಿನ ಮ್ಯಾಲ ಯಾರೂ ಗೆಲ್ಲಂಗಿಲ್ಲರಿ. ದಿನಾ ಎರಡು ರೊಟ್ಟಿ ಹೆಚ್ಚಿಗಿ ತಿನ್ನು ಅಂತ ಹೇಳ್ರಿ, ಅದೇ ಆಕಿನ್ನ ಮುಂದ ಒಯ್ತದ," ಎಂದ.

ರವಿಕಾಂತ ನಕ್ಕ. ಖುಷಿಯಲ್ಲಿದ್ದ ಅವನು ಮಗಳ ಬೆನ್ನು ತಟ್ಟಿ, "ಗಾಲಿದು ಮುಗೀತು. ಇನ್ನ ಸೈಕಲ್ ಮ್ಯಾಲ ತೂಕ ಇಳಸೋದು ಉಳಿದದ್ದು ಅಂದ್ರ ನೀನೇ ನೋಡವ್ವಾ," ಎಂದ.

ಪ್ರಣಿತಾ ಕೂಡ ನಕ್ಕಳು. ದಿಗಂಬರ ಮಾತ್ರ ನಗದೆ ಟಯರು ಕೂರಿಸಲು ಬಗ್ಗಿದ.

ಹೊಸ ಗಾಲಿ ಹಾಕಿದ ಮರುದಿನ ಬೆಳಿಗ್ಗೆ ಅವಳು ದೇವಣಿಯವರೆಗೆ ಹೋಗಿ ಬಂದಳು. ರವಿಕಾಂತ ಮೋಟರ್‌ಸೈಕಲ್ ಮೇಲೆ ಹಿಂದೆ ಹೋಗಿ, ದಾರಿಯ ಏರಿನ ಬುಡದಿಂದ ತುದಿಯವರೆಗೆ ಎಷ್ಟು ಹೊತ್ತಾಗುತ್ತದೆಂದು ನೋಡಿದ. ಮೊದಲಿಗಿಂತ ಹನ್ನೊಂದು ಸೆಕೆಂಡು ಕಡಿಮೆ.

"ಕೆಳಗ ಗಾಲೀನೇ ಇಲ್ಲ ಅನ್ನಸ್ತದ ಪಪ್ಪಾ," ಎಂದಳು ಅವಳು ಏದುಸಿರು ಬಿಡುತ್ತ. ಅಷ್ಟು ಸಂತೋಷವಾಗಿ ಅವಳು ಮಾತಾಡಿದ್ದನ್ನು ಆಮೇಲೆ ಅವನು ಕೇಳಲಿಲ್ಲ.

ನಂತರ ಸೀಟು ಬದಲಾಯಿತು. ಬಾಟಲಿ ಹಿಡಿಸುವ ಕಬ್ಬಿಣದ ಕೊಂಡಿ ಹೋಗಿ ಪ್ಲಾಸ್ಟಿಕ್ಕಿನದು ಬಂತು. ಒಂದೊಂದು ಬೋಲ್ಟನ್ನೂ ತೂಗಿ ನೋಡಿದರು. ಸಂಜೆ ಕಾಲೇಜಿನಿಂದ ಬಂದವಳು ನೇರ ಅಂಗಡಿಗೆ ಬಂದು ತಂದೆಯ ಪಕ್ಕ ಕೂತು, ಇನ್ನೆಲ್ಲಿ ಎಷ್ಟು ಇಳಿಸಬಹುದು ಎಂದು ಲೆಕ್ಕ ಹಾಕುವಳು. ಇಬ್ಬರಿಗೂ ಅದು ದಿನದ ಅತ್ಯಂತ ಚಂದದ ಹೊತ್ತು. ಹಾಗೆ ಕೂತ ಒಂದು ಸಂಜೆ ಅವಳು ಎದ್ದು ಹೋಗಿ ಚೀಲ ತೂಗುವ ದೊಡ್ಡ ಕಾಟಾದ ಮೇಲೆ ನಿಂತಳು. ಬರುಬರುತ್ತ ದಿನಾಲೂ ನಿಲ್ಲತೊಡಗಿದಳು.

ಅಂಕಿ ಇಳಿಯುತ್ತಿತ್ತು. ಅದನ್ನು ರವಿಕಾಂತ ನೋಡಿದ್ದ. ನೋಡಿಲ್ಲ ಎಂದು ಮುಂದೆ ಎಷ್ಟೋ ಜನರಿಗೆ ಹೇಳಿದನಾದರೂ, ನೋಡಿದ್ದು ಖರೆ. ಒಮ್ಮೆ ಅಲ್ಲ, ಮೂರು ಸಲ "ಶಾಬಾಸ್" ಎಂದೂ ಅಂದಿದ್ದ. ಏರಿನ ಮೇಲಿನ ಸೆಕೆಂಡುಗಳೂ ಇಳಿಯುತ್ತಿದ್ದವಲ್ಲ, ಎರಡನ್ನೂ ಕೂಡಿಸಿ ನೋಡಿದರೆ ಅವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಮೊದಲು ಬಾಯಿಬಿಟ್ಟವಳು ಅವನ ತಾಯಿ ಸರಸ್ವತಿಬಾಯಿ. "ಏ ರವೀ, ಹುಡುಗಿ ತಾಟಿನ್ಯಾಗಿನ ರೊಟ್ಟಿ ಸೆರಗಿನ್ಯಾಗ ಮುಚ್ಚಿ ಒಯ್ದು ಆಕಳಿಗಿ ಹಾಕ್ಲಾಕತ್ತಾಳ. ನಾ ನೋಡೀನಿ," ಎಂದಳು. ಸೆರಗು ಎಂದದ್ದು ಓಢಣಿಗೆ. ರವಿಕಾಂತ, "ಆಟಗಾರರ ಊಟ ಬ್ಯಾರೆ ಇರ್ತದವ್ವಾ," ಎಂದು ಹೊರಟುಹೋದ.

ಸಂಕ್ರಾಂತಿಯ ಹೊತ್ತಿಗೆ ಹೆಂಡತಿ ಮನೀಷಾ ಅಡುಗೆಮನೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿದಳು.

"ಕೇಳ್ರಿ. ಪ್ರಣಿತಾ ಎರಡು ತಿಂಗಳಾತು ಹೊರಗ ಕುಂತಿಲ್ಲ. ಡಾಕ್ಟರ್‌ಗ ತೋರಸಮು."

"ಅಷ್ಟು ದಣೀತಾರಲ್ಲ, ಆಗ್ತದ ಅದು. ನಾ ವಿಡಿಯೊದಾಗ ಕೇಳೀನಿ."

"ವಿಡಿಯೊದಾಗಿನ ಹುಡುಗಿ ನಾ ಹಡದಾಕಿ ಅಲ್ಲರಿ. ತಲಿಕೂದಲ ಮುಷ್ಟಿ ಮುಷ್ಟಿ ಉದರ್ಲಾಕತ್ತದ."

"ಮಾರ್ಚಿನ ಪಂದ್ಯ ಒಂದು ಆಗಲಿ," ಎಂದ ಅವನು. ಮನೀಷಾ ಒಳಗೆ ಹೋದಳು. ಅದಾದ ಮೇಲೂ ತಾನೇ ಕರೆದುಕೊಂಡು ಹೋಗಲು ನೋಡಿದಳು. ಪ್ರಣಿತಾ ಬರಲಿಲ್ಲ. ಪಪ್ಪನೂ ಬೇಡವೆಂದಿದ್ದಾನೆ ಎಂದಳು.

ಮಾರ್ಚಿನ ಪಂದ್ಯ ಉದಗೀರದಿಂದ ನಿಲಂಗಾ ದಾಟಿ ಉಮರ್ಗಾದವರೆಗೆ, ನೂರು ಕಿಲೋಮೀಟರಿನ ಮೇಲೆ. ರಾಜ್ಯದ ತಂಡ ಆರಿಸುವವರು ಉಮರ್ಗಾದಲ್ಲಿ ಕೂತು ನೋಡುತ್ತಾರೆ ಎಂಬ ಸುದ್ದಿ ಇತ್ತು. ಅದಕ್ಕೆ ಮೂರು ವಾರ ಮುಂಚಿನಿಂದ ಪ್ರಣಿತಾಳ ಬಲತೊಡೆಯ ಸಂದಿನಲ್ಲಿ ನೋವು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಕೇಳಿದರೆ ಸ್ನಾಯು ಹಿಡಿದಿದೆ ಎನ್ನುತ್ತಿದ್ದಳು.

ನಿಲಂಗಾದವರೆಗೆ ಅವಳು ಮುಂದಿನ ನಾಲ್ವರಲ್ಲಿ ಒಬ್ಬಳಾಗಿದ್ದಳು. ರಸ್ತೆಯ ಪಕ್ಕ ನಿಂತಿದ್ದ ದಿಗಂಬರ ಕೈಯೆತ್ತಿದ. ಹಿಂದಿನ ಜೀಪಿನಲ್ಲಿ ಕೂತಿದ್ದ ರವಿಕಾಂತ ಅವನತ್ತ ನೋಡಿ ಎರಡು ಬೆರಳು ತೋರಿಸಿದ. ಮಗಳು ಆಗ ಎರಡನೆಯವಳು. ಊರು ಬಿಟ್ಟು ಏಳೆಂಟು ಕಿಲೋಮೀಟರ್ ಹೋದ ಮೇಲೆ ಒಂದು ಸಣ್ಣ ಏರು. ಕೊಯ್ದ ಕಡಲೆ ಹೊಲಗಳು ಎರಡೂ ಕಡೆ ಬೋಳಾಗಿ ಬಿದ್ದಿದ್ದವು. ಪ್ರಣಿತಾ ಸೀಟಿನಿಂದ ಎದ್ದು ನಿಂತು ತುಳಿಯಲು ಹೋದಳು. ಎರಡು ಸಲ ತುಳಿದಳು. ಮೂರನೆಯದಕ್ಕೆ ಬಲಗಾಲು ಕೆಳಗೆ ಹೋದದ್ದು ಹಾಗೆಯೇ ನಿಂತು, ಅವಳು ಪಕ್ಕಕ್ಕೆ ಮಗುಚಿ ಬಿದ್ದಳು. ಯಾರೂ ತಾಗಿರಲಿಲ್ಲ. ರಸ್ತೆಯಲ್ಲಿ ತೆಗ್ಗು ಇರಲಿಲ್ಲ.

ಜೀಪು ನಿಲ್ಲುವ ಮೊದಲೇ ರವಿಕಾಂತ ಹಾರಿ ಓಡಿದ. ಓಡಿ ಹೋದವನು ಮೊದಲು ಹಿಡಿದದ್ದು ಸೈಕಲ್ಲನ್ನು. ಮುಂದಿನ ಗಾಲಿ ಎತ್ತಿ ತಿರುಗಿಸಿ, ರಿಮ್ಮು ಬಾಗಿದೆಯೇ, ಸ್ಪೋಕ್ ಕಡಿದಿದೆಯೇ ಎಂದು ನೋಡಿದ. ತೆಳ್ಳಗಿನ ಗಾಲಿ ಕೊಂಡ ತನ್ನ ತಪ್ಪಿಗೆ ಹೀಗಾಯಿತು ಎಂದೇ ಅವನ ಮನಸ್ಸು ಹೇಳಿತ್ತು. ಗಾಲಿಗೆ ಏನೂ ಆಗಿರಲಿಲ್ಲ. ಕೂದಲೆಳೆಯಷ್ಟೂ ಓರೆಯಾಗದೆ ತಿರುಗುತ್ತಿತ್ತು. ಆಗ ತಲೆ ಎತ್ತಿದವನಿಗೆ, ಡಾಂಬರಿನ ಮೇಲೆ ಬಿದ್ದಲ್ಲಿಂದಲೇ ಮಗಳು ತನ್ನನ್ನು ನೋಡುತ್ತಿರುವುದು ಕಂಡಿತು. ಅವಳು ಅಳುತ್ತಿರಲಿಲ್ಲ.

"ಗಾಲಿ ಚಲೋ ಅವ ಪಪ್ಪಾ. ನನ್ನ ಕಾಲೇ ಏನೋ ಆತು," ಎಂದಳು.

ಲಾತೂರಿನ ಆಸ್ಪತ್ರೆಯಲ್ಲಿ ತೊಡೆಯ ಎಲುಬಿನ ಕೊರಳು ಮುರಿದಿದೆ ಎಂದರು. ಮೊದಲು ಬಿರುಕು ಬಿಟ್ಟು, ಅದರ ಮೇಲೇ ವಾರಗಟ್ಟಲೆ ತುಳಿದದ್ದಕ್ಕೆ ಕಡೆಗೆ ಮುರಿದಿತ್ತು. ಮೂರು ಸ್ಕ್ರೂ ಹಾಕಿದರು. ನಡುವಯಸ್ಸಿನ ಡಾಕ್ಟರಮ್ಮ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು: ಇದು ಎಪ್ಪತ್ತು ದಾಟಿದ ಹೆಂಗಸಿನ ಎಲುಬಿನ ಹಾಗೆ ಆಗಿದೆ, ಹೊಟ್ಟೆಗೆ ಇಲ್ಲದೆ ಆಗಿದೆ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ?

ಮನೀಷಾ ಗಂಡನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಎಚ್ಚರವಾದ ದಿನ ಪ್ರಣಿತಾ ಕೇಳಿದ್ದು ಒಂದೇ ಪ್ರಶ್ನೆ. ಕಾಲಿನಲ್ಲಿ ಇಟ್ಟ ಸ್ಕ್ರೂಗಳು ಎಷ್ಟು ಗ್ರಾಂ ಇವೆ ಎಂದು. ತಮಾಷೆಗೆ ಕೇಳಿದಳೆಂದು ನರ್ಸು ನಕ್ಕಳು. ರವಿಕಾಂತ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

ಮನೆಗೆ ಬಂದ ಮೇಲೆ ಎಲುಬು ಕೂಡುತ್ತ ಬಂತು. ಬೇರೆ ಏನೂ ಕೂಡಲಿಲ್ಲ. ತಾಟಿನ ಮುಂದೆ ತಾಸುಗಟ್ಟಲೆ ಕೂತು ರೊಟ್ಟಿಯನ್ನು ಚೂರು ಚೂರು ಮಾಡಿ ಪಲ್ಯದ ಸುತ್ತ ಸರಿಸಾಡುವಳು. ತಾನೇನೂ ಹಟ ಮಾಡುತ್ತಿಲ್ಲ, ನುಂಗಲು ಆಗುವುದಿಲ್ಲ ಅಷ್ಟೇ ಎನ್ನುವಳು. ರವಿಕಾಂತ ಸೈಕಲ್ಲನ್ನು ಹಾಗೇ ದಿಗಂಬರನಿಗೆ ಕೊಟ್ಟು ಬಂದ. ನಿಮಗೆ ಹೇಳಿದ್ದೆನಲ್ಲ ಎಂದು ದಿಗಂಬರ ಅನ್ನಲಿಲ್ಲ, ಚಹಾ ತರಿಸಿಕೊಟ್ಟ. ಅದನ್ನು ಅರ್ಧವೇ ಕುಡಿದು ರವಿಕಾಂತ ಎದ್ದ. ಅಂಗಡಿಯ ದೊಡ್ಡ ಕಾಟಾಕ್ಕೆ ಗೋಣಿ ಹೊದಿಸಿದ, ವ್ಯಾಪಾರವಿದ್ದಾಗ ಮಾತ್ರ ತೆಗೆಯುವನು.

ಒಂದು ಮಧ್ಯಾಹ್ನ ಮಗಳ ಕೋಣೆಯ ಹೊಸ್ತಿಲಲ್ಲಿ ನಿಂತು ಧೈರ್ಯ ಮಾಡಿ, "ನಾ ಅಂದು ನಿಲಂಗಾದಾಗ ಅಂದ ಮಾತು ಮರ್ತುಬಿಡು ಮಗಾ. ಮಜಾಕ್ ಮಾಡಿದ್ದೆ," ಎಂದ.

"ಯಾವ ಮಾತು?" ಎಂದಳು ಪ್ರಣಿತಾ. ಅವಳಿಗೆ ನಿಜವಾಗಿ ನೆನಪಿರಲಿಲ್ಲವೋ, ಅವನ ಮೇಲಿನ ಕರುಣೆಗೆ ಹಾಗೆಂದಳೋ ಅವನಿಗೆ ತಿಳಿಯಲಿಲ್ಲ. "ನೀ ಹೇಳಿದ್ದಕ್ಕ ಅಲ್ಲ ಪಪ್ಪಾ. ಹಗುರ ಆದ್ರ ನನಗೇ ಚಲೋ ಅನ್ನಸ್ತದ."

ಅವನು ಹೊಸ್ತಿಲಿನಿಂದಲೇ ತಿರುಗಿ ಅಂಗಡಿಗೆ ಹೋದ.

ಆಷಾಢದಲ್ಲಿ ಮತ್ತೆ ಲಾತೂರಿಗೆ ಸೇರಿಸಬೇಕಾಯಿತು. ಈ ಸಲ ಎಲುಬಿಗಲ್ಲ. ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಎದೆಬಡಿತ ನಿಧಾನವಾಗಿತ್ತು. ಮನಸ್ಸಿನ ಡಾಕ್ಟರೂ ಬಂದು ಮಾತಾಡಿಸಿದರು. ವಾರಕ್ಕೊಮ್ಮೆ ತೂಕ ನೋಡುವಾಗ ಹುಡುಗಿಗೆ ಅಂಕಿ ಕಾಣದಂತೆ ಬೆನ್ನು ತಿರುಗಿಸಿ ನಿಲ್ಲಿಸಬೇಕು, ಯಾರೂ ಅವಳಿಗೆ ಹೇಳಬಾರದು ಎಂದು ಅವರ ಕಟ್ಟಪ್ಪಣೆ.

ಎರಡನೇ ವಾರ ಮನೀಷಾ ಔಷಧ ತರಲು ಹೋಗಿದ್ದಳು. ಪ್ರಣಿತಾಳ ಕೈ ಹಿಡಿದು ಕಾಟಾದ ಮೇಲೆ ನಿಲ್ಲಿಸಿದವನು ರವಿಕಾಂತ. ಅವಳ ಮುಖ ಅವನ ಕಡೆ ಇತ್ತು. ಅಂಕಿ ಅವಳ ಬೆನ್ನ ಹಿಂದೆ. ಹತ್ತು ದಿನ ಮೂಗಿನ ನಳಿಕೆಯಿಂದ ಹಾಲು, ಗಂಜಿ ಕೊಟ್ಟಿದ್ದರು. ಏರಿಯೇ ಇರುತ್ತದೆ ಎಂದು ಅವನು ನಂಬಿಕೊಂಡು ಬಂದಿದ್ದ.

ನರ್ಸು ಸುಮ್ಮನೆ ಬರೆದುಕೊಂಡಳು. ರವಿಕಾಂತ ನೋಡಿದ. ಮತ್ತೊಮ್ಮೆ ನೋಡಿದ. ಹಿಂದಿನ ವಾರಕ್ಕಿಂತ ಇಳಿದಿತ್ತು. ಮುಖ ಬದಲಾಗಬಾರದು ಎಂದು ಹಲ್ಲು ಕಚ್ಚಿದ. ಆದರೆ ಆ ಮುಖವನ್ನು ಪ್ರಣಿತಾ ಎಷ್ಟೋ ಸಂಜೆ ಅಂಗಡಿಯಲ್ಲಿ, ಪಕ್ಕದಲ್ಲೇ ಕೂತು ಓದಿದವಳು.

ಅವಳ ಒಣಗಿದ ತುಟಿಯ ಮೇಲೆ ಸಣ್ಣಗೆ ನಗೆ ಬಂತು. ಅವಳು ಅದನ್ನು ಮರೆಮಾಡಲು ತಲೆ ತಗ್ಗಿಸಿದಳು. ಇಳಿಯುವಾಗ ಅವನ ತೋಳಿನ ಮೇಲೆ ಪೂರಾ ಭಾರ ಹಾಕಿದಳು. ಹಾಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮಂಚದವರೆಗೆ ನಡೆಸಿಕೊಂಡು ಹೋಗಿ ಮಲಗಿಸಿ, ಹೊದಿಕೆ ಎಳೆದು, ಮನೀಷಾ ಬರುವ ದಾರಿ ನೋಡುತ್ತ ಕಿಟಕಿಯ ಹತ್ತಿರ ನಿಂತ. ಅವಳು ಬಂದು ಏನಾಯಿತೆಂದು ಕೇಳುತ್ತಾಳೆ. ಹೇಳಬೇಕಾದವನು ತಾನೊಬ್ಬನೇ.