ದಫ್ತರದ ಮೊದಲ ಪುಟ

ಅಫಜಲಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪ್ರೊಫೆಸರ್ ಅಣ್ಣಾರಾಯರ ನಿವೃತ್ತಿಗೆ ಇನ್ನು ಎಂಟೇ ದಿನ. ಬೀಳ್ಕೊಡುಗೆಗೆ ಅಚ್ಚಾಗಬೇಕಾದ ಪರಿಚಯಪತ್ರ ಬರೆಯುವುದು ಅತಿಥಿ ಉಪನ್ಯಾಸಕಿ ನಜಮುನ್ನಿಸಾಳ ಪಾಲಿಗೆ ಬಂದಿತ್ತು. ಅತಿಥಿ ಎನ್ನುವುದು ಹೆಸರಿಗಷ್ಟೇ. ಯಾರಿಗೂ ಬೇಡವಾದ ಕೆಲಸವೆಲ್ಲ ಅತಿಥಿಗೇ.

ಏನೇನು ಬರೆಯಬೇಕೆಂದು ಅಣ್ಣಾರಾಯರೇ ಹೇಳಿಕೊಟ್ಟಿದ್ದರು. ಜೇವರ್ಗಿಯ ಶಾಲೆ, ಕಲಬುರಗಿಯಲ್ಲಿ ಎಂ.ಎ., ಮೂವತ್ತು ವರ್ಷದ ಪಾಠ, ವಚನಗಳ ಓದು. ಎಲ್ಲಕ್ಕಿಂತ ಮೇಲೆ, ನಿಜಾಮರ ಕಾಲದ ಆಳಂದ ಸೀಮೆಯ ಬಗ್ಗೆ ಬರೆದ ಡಾಕ್ಟರೇಟ್ ಪ್ರಬಂಧ. 'ಮೂಲ ಉರ್ದು ದಫ್ತರಗಳನ್ನು ಸ್ವತಃ ಓದಿದ ವಿದ್ವಾಂಸರು' ಎಂಬ ಮಾತು ತಪ್ಪದೆ ಇರಲಿ ಎಂದಿದ್ದರು. ಆ ಒಂದು ಮಾತಿನ ಬಲದ ಮೇಲೆ ಅವರು ಊರೂರು ತಿರುಗಿ ಶಾಲು ಹೊದ್ದು ಬಂದಿದ್ದರು.

ನಜಮುನ್ನಿಸಾ ಕರಡಿನ ಜೊತೆಗೆ ಆ ಪ್ರಬಂಧ ಅಚ್ಚಾಗಿ ಬಂದ, ತನ್ನ ಮನೆಯಲ್ಲಿದ್ದ ಪುಸ್ತಕವನ್ನೂ ತಂದಳು. ಕೊನೆಯಲ್ಲಿದ್ದ ಒಂದು ಚಿತ್ರ ತೋರಿಸಿ, ಕೆಳಗೆ 'ದಫ್ತರದ ಮೊದಲ ಪುಟ' ಎಂದು ಬರೆದಿದೆ, ಆದರೆ ಇದು ಕೊನೆಯ ಪುಟ, ಉರ್ದು ದಫ್ತರ ಬಲಗಡೆಯಿಂದ ಶುರುವಾಗುತ್ತದಲ್ಲ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಣ್ಣಾರಾಯರು ತಟ್ಟನೆ ಪ್ರೆಸ್ಸಿನವರನ್ನು ಬೈದರು. ಆಮೇಲೆ, ಇದನ್ನು ಯಾರಿಗಾದರೂ ಹೇಳಿದೆಯಾ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದಳು.

ಪ್ರೆಸ್ಸಿನವರದೇನೂ ತಪ್ಪಿರಲಿಲ್ಲ. ಅಣ್ಣಾರಾಯರಿಗೆ ಉರ್ದುವಿನ ಒಂದಕ್ಷರವೂ ಬಾರದು. ಎರಡು ವರ್ಷ ರವಿವಾರ ತಪ್ಪದೆ ಆಳಂದಕ್ಕೆ ಹೋಗಿ, ಇವಳ ಅಜ್ಜ ಇಮಾಮಸಾಬರ ಪಡಸಾಲೆಯಲ್ಲಿ ಕೂತಿದ್ದರು. ಮುದುಕರು ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಚಹಾ, ಊಟ ಎಲ್ಲ ಅಲ್ಲೇ. ಪುಸ್ತಕ ಬಂದ ಮೇಲೆ ಒಂದು ಪ್ರತಿ ಕೊಟ್ಟು ಬಂದವರು ಮತ್ತೆ ಆ ಓಣಿ ತುಳಿಯಲಿಲ್ಲ. ಹತ್ತಿದ ಏಣಿ ಒದೆಯುವುದಕ್ಕೆ ಡಾಕ್ಟರೇಟ್ ಬೇಕಿಲ್ಲ, ಇದ್ದರೆ ಸಲೀಸು.

ಕರಡಿನ ಕೊನೆಗೆ ಅವಳು ತಾನಾಗಿ ಒಂದು ಸಾಲು ಸೇರಿಸಿದ್ದಳು. ದಫ್ತರಗಳನ್ನು ಓದಿಕೊಟ್ಟವರು ಆಳಂದದ ಇಮಾಮಸಾಬರು ಎಂದು. ಅಣ್ಣಾರಾಯರು ಅದನ್ನು ಎರಡು ಸಲ ಓದಿದರು. ಒಂದೇ ಸಾಲು, ಇರಲಿ ಎನ್ನಬಹುದಿತ್ತು. ಆ ಪಡಸಾಲೆ ಕಣ್ಣ ಮುಂದೆ ಬಂದದ್ದೂ ಹೌದು. ಆದರೆ ಶಾಲುಗಳೂ ಬಂದವು. ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿದರು.

"ಇದು ನನ್ನ ಪರಿಚಯ ಅದ, ನಿಮ್ಮಜ್ಜಂದಲ್ಲ. ಬರೋ ವರ್ಷದ ಕೆಲಸಕ್ಕ ನಿನ್ನ ಕಾಗದದ ಮ್ಯಾಲ ನನ್ನ ಸಹಿ ಇನ್ನೂ ಆಗಿಲ್ಲ, ನೆನಪಿರಲಿ."

ಅವಳು ಹಾಳೆ ಮಡಚಿಕೊಂಡಳು.

"ಅಜ್ಜಗ ಕನ್ನಡ ಓದಾಕ ಬರ್ತಿರಲಿಲ್ರಿ ಸರ್. ಸಾಯೂತನಕ ಈ ಪುಸ್ತಕ ದಿಂಬಿನ ಬಾಜೂಕ ಇಟ್ಕೊಂಡಿದ್ರು. ನನ್ನ ಹೆಸರು ಎಲ್ಲಿ ಬರದಾರ, ತೋರಸಬೇ ಅಂತಿದ್ರು. ನಾ ಸಣ್ಣಾಕಿ, ಇಡೀ ಪುಸ್ತಕ ಹುಡುಕಿದೆ, ಎಲ್ಲೂ ಇರಲಿಲ್ಲ. ಕಡೀಕ ರಟ್ಟಿನ ಮ್ಯಾಲಿನ ನಿಮ್ಮ ಹೆಸರು ತೋರಿಸಿ, ಇದು ನಿಮ್ದೇ ಅಜ್ಜಾ ಅಂದೆ. ದಿನಾ ಅದರ ಮ್ಯಾಲ ಕೈಯಾಡಸ್ತಿದ್ರು."

ಗಂಟೆ ಹೊಡೆಯಿತು. ಅವಳು ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಕ್ಲಾಸಿಗೆ ಹೋದಳು. ಅಣ್ಣಾರಾಯರು ಅದನ್ನು ಹತ್ತಿರಕ್ಕೆ ಎಳೆದುಕೊಂಡರು. ರಟ್ಟಿನ ಮೇಲೆ ಅವರ ಹೆಸರು ಸವೆದು ಅಳಿಸಿಹೋಗಿತ್ತು.